ಪಿತ್ತವಿಲ್ಲದೆ ಅರಳಿದ ಬಣ್ಣ

ಚಿಕ್ಕೋಡಿಯ ಮಹಿಳಾ ಸಂಘದ ಮೂವರು ಹುಡುಗಿಯರು ಹೋದ ತಿಂಗಳು ನಿಪ್ಪಾಣಿಯ ನಮ್ಮ ಮನೆಗೆ ಬಂದಿದ್ದರು. ಅವರು ಈಗ ಅಬ್ರಿ ಕಾಗದ ಮಾಡಲು ಕಲಿಯುತ್ತಿದ್ದಾರೆ. ಡೈರಿ, ಉಡುಗೊರೆ ಡಬ್ಬಿ, ಲಗ್ನಪತ್ರಿಕೆಗೆ ಅದನ್ನು ಹಚ್ಚಿ ಮಾರುವ ವಿಚಾರವಂತೆ. "ಗಂಗಕ್ಕಾರ, ನಿಮ್ಮ ಕೆಲಸದ್ದು ಒಂದಿಷ್ಟು ಬರದು ಕೊಡ್ರಿ, ಹೊಸದಾಗಿ ಬರೋರಿಗೆ ಓದಾಕ ಆಕ್ಕೈತಿ" ಎಂದು ಗಂಟುಬಿದ್ದರು. ಬರೆಯುವುದು ನನ್ನ ಕಸುಬಲ್ಲ. ಬೇರೆಯವರು ಬರೆದದ್ದಕ್ಕೆ ರಟ್ಟು ಹಾಕುವುದು ನನ್ನ ಕಸುಬು. ಮೂವತ್ತಾರು ವರ್ಷ ಒಂದೇ ಬೈಂಡಿಂಗ್ ಅಂಗಡಿಯಲ್ಲಿ ಅದನ್ನೇ ಮಾಡಿ, ಮೊಣಕಾಲು ಮಾತು ಕೇಳದಾದಾಗ ಬಿಟ್ಟೆ.

ಯಾವಾಗ ಸೇರಿದೆ, ಯಾವಾಗ ಮುಖ್ಯಳಾದೆ, ಪಗಾರ ಎಷ್ಟಿತ್ತು ಎಂದೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರ ಕೈಯೂ ಪಳಗುವುದಿಲ್ಲ. ಆದರೆ ಈ ಕೆಲಸದಲ್ಲಿ ನಾನು ಒಂದು ದೊಡ್ಡ ಸುಳ್ಳು ಹೇಳಿದ್ದೇನೆ. ಅದರಿಂದ ಒಬ್ಬ ಮುದುಕಿಯ ಹನ್ನೆರಡು ವರ್ಷದ ವ್ರತ ಕೆಡುವುದಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ.

ಅಬ್ರಿ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಮೆಂತೆಕಾಳು ನೆನೆಸಿ, ಕುದಿಸಿ, ಸೋಸಿದರೆ ಲೋಳೆ ನೀರು ಬರುತ್ತದೆ. ಅದನ್ನು ಅಗಲವಾದ ತಗಡಿನ ತೊಟ್ಟಿಗೆ ಸುರಿದು, ಮೇಲೆ ಕುಂಚದಿಂದ ಬಣ್ಣ ಹನಿಸಬೇಕು. ಬಣ್ಣ ಮುಳುಗದೆ ತೇಲುತ್ತದೆ, ಅಗಲವಾಗುತ್ತದೆ. ಮರದ ಪಟ್ಟಿಗೆ ಮೊಳೆ ಬಡಿದು ಮಾಡಿದ ಹಣಿಗೆಯಿಂದ ಅದನ್ನು ಬಾಚಿದರೆ ಗರಿ, ಅಲೆ, ಮೋಡ ಮೂಡುತ್ತವೆ. ಪಟಿಕದ ನೀರು ಸವರಿ ಒಣಗಿಸಿದ ಹಾಳೆಯನ್ನು ಮೆಲ್ಲಗೆ ಅದರ ಮೇಲೆ ಮಲಗಿಸಿ ಎತ್ತಿದರೆ, ನೀರಿನ ಮೇಲಿದ್ದದ್ದು ಹಾಗೇ ಹಾಳೆಗೆ ಬಂದುಬಿಡುತ್ತದೆ. ಒಂದು ಸಲ ಬಾಚಿದ್ದು ಒಂದೇ ಹಾಳೆಗೆ. ಅದೇ ಮತ್ತೊಮ್ಮೆ ಬೇಕೆಂದರೆ ಬ್ರಹ್ಮ ಬಂದರೂ ಆಗದು.

ನಾನು ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತೆರಡು. ತಂಬಾಕಿನ ವಖಾರಿಯ, ಅಂದರೆ ಗೋದಾಮಿನ, ಕೆಲಸ ಬಿಟ್ಟು ಅಂಗಡಿಗೆ ಪುಸ್ತಕ ಹೊಲಿಯಲು ಸೇರಿದ್ದೆ. ಹಿಂದಿನ ಪಡಸಾಲೆಯಲ್ಲಿ ಇಮಾಮ್ ಚಾಚಾ ಎಂಬ ವಯಸ್ಸಾದ ಕಸುಬುದಾರರು ತೊಟ್ಟಿಯ ಮುಂದೆ ಕೂತಿದ್ದರು. ನೀಲಿಯ ಒಂದು ಹನಿ ಬಿಟ್ಟರು. ಅದು ಬಿದ್ದು, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ತಾನಾಗಿ ಹರಡುತ್ತ ಅಂಗೈಯಷ್ಟಾಯಿತು. ಯಾರೂ ಮುಟ್ಟಲಿಲ್ಲ, ಯಾರೂ ಊದಲಿಲ್ಲ. ನನ್ನ ಮೈಮೇಲೆ ಮುಳ್ಳೆದ್ದವು. ಕೈಯಲ್ಲಿದ್ದ ದಾರದ ಉಂಡೆ ಜಾರಿ ಸೀದಾ ತೊಟ್ಟಿಯೊಳಗೆ ಬಿತ್ತು.

"ಕೆಡಸಿದಿ ನೋಡ," ಎಂದರು ಚಾಚಾ. ಬೈಯಲಿಲ್ಲ. "ಇರಲಿ ತಂಗಿ, ನಾನೂ ಮೊದಲನೇ ದಿನ ಹಿಂಗ ಕೆಡಸೀನಿ. ಇದನ್ನ ನೋಡಿ ಬೆರಗಾಗದವರು ಈ ಕೆಲಸಕ್ಕ ಬರಬಾರದು."

ಆ ಬೆರಗು ಮುಂದೆ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಎಷ್ಟು ಸಾವಿರ ಹನಿ ಬಿಟ್ಟೆನೋ ಲೆಕ್ಕವಿಲ್ಲ, ಪ್ರತಿ ಸಲವೂ ಹನಿ ಹರಡುವಾಗ ಉಸಿರು ಹಿಡಿದೇ ನೋಡಿದ್ದೇನೆ. ನಿಮಗೆ ಹಾಗಾಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ, ಸಿಟ್ಟಿನಿಂದ ಹೇಳುತ್ತಿಲ್ಲ.

ಉಸಿರು ಹಿಡಿಯಲು ಇನ್ನೊಂದು ಕಾರಣವೂ ಇತ್ತು, ಸೀನು. ನಿಪ್ಪಾಣಿಯಲ್ಲಿ ವಖಾರಿಗಳು ತಂಬಾಕು ಕುಟ್ಟುವ ತಿಂಗಳುಗಳಲ್ಲಿ ಗಾಳಿಯೇ ಕಂದು. ಆ ಧೂಳಿನ ಒಂದು ಕಣ ತೊಟ್ಟಿಗೆ ಬಿದ್ದರೆ ಹಾಳೆಯ ಮೇಲೆ ಬಿಳಿ ಕಣ್ಣೊಂದು ಬಿಡುತ್ತದೆ. ಹಳೆಯ ಪೇಪರಿನ ಪಟ್ಟಿಯಿಂದ ನೀರಿನ ಮೈಯನ್ನು ಮತ್ತೆ ಮತ್ತೆ ಸವರಿ ತೆಗೆಯಬೇಕು. ಅದಕ್ಕೆ ಕನ್ನಡ ಪೇಪರ್ ಮೇಲೋ ಮರಾಠಿ ಪೇಪರ್ ಮೇಲೋ ಎಂದು ಅಂಗಡಿಯಲ್ಲಿ ಎರಡು ಪಕ್ಷಗಳೇ ಇದ್ದವು. ಚಾಚಾ ಮಾತ್ರ, "ಹಳೇದಿರಬೇಕು, ಅಷ್ಟ. ಹೊಸಾ ಸುದ್ದಿ ನೀರಿಗೆ ಮಸಿ ಬಿಡತೈತಿ," ಎನ್ನುತ್ತಿದ್ದರು. ಒಂದು ಸಲ ಸಕ್ಕರೆ ಕಾರ್ಖಾನೆಯ ರಜಿಸ್ಟರುಗಳಿಗೆ ಅಬ್ರಿ ಎತ್ತುವಾಗ ನಾನು ಗಟ್ಟಿಯಾಗಿ ಸೀನಿದೆ. ಬಣ್ಣವೆಲ್ಲ ಸಿಡಿದು ಚೂರುಚೂರಾಯಿತು. ಹಾಳೆ ದಂಡವಾಗಬಾರದೆಂದು ಎತ್ತಿ, ಉಳಿದ ಹಾಳೆಗಳ ಅಡಿಯಲ್ಲಿ ಬಚ್ಚಿಟ್ಟೆ. ಕಾರ್ಖಾನೆಯ ಗುಮಾಸ್ತ ಬಂದವನು ಅದನ್ನೇ ಎಳೆದು ತೆಗೆದು, "ಇದಾ ಡಿಸೈನ್ ಇನ್ನ ನಲವತ್ತು ಮಾಡ್ರಿ," ಎಂದ. ಚಾಚಾ ನನ್ನ ಮುಖ ನೋಡಿ, "ಮಾಡವಾ, ಇನ್ನ ನಲವತ್ತು ಸಲ ಸೀನು," ಎಂದರು.

ನೀರಿನದು ಬೇರೆಯೇ ಕಾಟ. ಒಂದು ಬೇಸಿಗೆಯಲ್ಲಿ ನಳ ಬಾರದೆ ಬೋರಿನ ನೀರಿಗೆ ಮೆಂತೆ ಹಾಕಿದೆ. ಬಣ್ಣವೆಲ್ಲ ಮೊಸರಿನ ಹಾಗೆ ಒಡೆದು ತಳಕ್ಕಿಳಿಯಿತು. ನೀರು ಸರಿ ಇಲ್ಲ ಎಂದರೆ ಚಾಚಾ, "ಕುಣೀಲಾರದಾಕಿ ನೆಲ ಡೊಂಕಂದ್ಲಂತ," ಎಂದು ನಕ್ಕರು. ನನಗೆ ಅಳು ಬಂತು. ಆಮೇಲೆ ಅವರೇ ಬೆರಳದ್ದಿ ನಾಲಗೆಗೆ ಹಚ್ಚಿ ನೋಡಿ, "ನೆಲಾನಾ ಡೊಂಕೈತಿ ತಂಗಿ, ನಂದ ತಪ್ಪು," ಎಂದರು. ಹಿರಿಯರ ಬಾಯಿಂದ ಆ ಮಾತು ಕೇಳಿದ್ದು ನನಗೆ ಅದೇ ಮೊದಲು. ಅಂದಿನಿಂದ ಮಳೆನೀರು ಹಿಡಿದಿಡುವುದನ್ನು ಕಲಿತೆ. ಮುಂದೆ ನುಣುಪು ಕಾಗದ ಬಂದು, ಎತ್ತಿ ತೊಳೆದರೆ ಬಣ್ಣವೆಲ್ಲ ಹರಿದುಹೋಗಿ ಹಾಳೆ ಬೆಳ್ಳಗಾಗತೊಡಗಿತು. ಆಗ ಪ್ರತಿ ಕಟ್ಟಿನ ಒಂದು ತುಂಡನ್ನು ಮೊದಲು ಪರೀಕ್ಷಿಸಿಯೇ ಕಾಗದ ಕೊಳ್ಳುವುದನ್ನು ಕಲಿತೆ. ಈ ಕೆಲಸ ಹೀಗೇ, ಒಂದನ್ನು ಗೆದ್ದೆ ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಇನ್ನು ಪಿತ್ತದ ಮಾತು. ಬಣ್ಣ ನೀರಿನ ಮೇಲೆ ಅರಳಬೇಕಾದರೆ ಅದರಲ್ಲಿ ನಾಲ್ಕು ಹನಿ ಆಡಿನ ಪಿತ್ತ ಬೀಳಬೇಕು. ಹೆಚ್ಚಾದರೆ ಬಣ್ಣ ಓಡಾಡುತ್ತದೆ, ಕಡಿಮೆಯಾದರೆ ಮುಳುಗುತ್ತದೆ. ಕಟುಕರ ಅಂಗಡಿಯಿಂದ ತಂದು, ಕುದಿಸಿ, ಸೋಸಿ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಡುವುದು ನನ್ನ ಪಾಲಿನ ಕೆಲಸ. ಮೊದಮೊದಲು ಹೇಸಿಗೆಯಾಗುತ್ತಿತ್ತು. ವರ್ಷಗಳು ಕಳೆದ ಮೇಲೆ ಅದು ಬರೀ ಬಾಟಲಿಯಾಯಿತು, ಒಳಗೇನಿದೆ ಎನ್ನುವುದೇ ಮರೆತುಹೋಯಿತು.

ಅಂಥ ಕಾಲದಲ್ಲಿ ಸದಲಗಾದಿಂದ ಪದ್ಮವ್ವ ಆಯಿ ಬಂದರು. ಕಬ್ಬಿನ ಹೊಲವಿದ್ದ ಜೈನರ ಮನೆತನ, ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಸೀರೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಹಳೆಯ ಶಾಸ್ತ್ರದ ಪುಸ್ತಕವೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ರಟ್ಟಿನ ಮೇಲೆ ನವಿಲುಗರಿಯ ಅಬ್ರಿ, ಅಂಚೆಲ್ಲ ಸವೆದಿತ್ತು.

"ನಮ್ಮ ಅವ್ವಂದು ಇದು. ಇದನ್ನ ಓದಿಸಿ ಓದಿಸಿ ನನಗ ಅಕ್ಷರ ಕಲಸ್ಯಾಳ," ಎಂದರು. "ಹನ್ನೆರಡು ವರ್ಷದಿಂದ ಒಂದು ವ್ರತ ಹಿಡದೀನಿ. ಈಗ ಉದ್ಯಾಪನೆ. ಇಪ್ಪತ್ತೊಂದು ಪುಸ್ತಕ ಶಾಸ್ತ್ರದಾನ ಮಾಡಬೇಕು. ಎಲ್ಲಾಕೂ ಹಿಂಥಾದ್ದಾ ಹೊದಿಕಿ ಹಾಕಿ ಕೊಡ್ರಿ."

ವ್ರತ ಮುಗಿದಾಗ ಶಾಸ್ತ್ರದ ಪುಸ್ತಕಗಳನ್ನು ಬಸದಿಗಳಿಗೆ, ಓದುವವರಿಗೆ ದಾನ ಕೊಡುವುದು ಅವರಲ್ಲಿಯ ಪದ್ಧತಿ. ಅಚ್ಚಾಗಿ ಇನ್ನೂ ಹೊಲಿಯದ ಹಾಳೆಗಳ ಫಾರಂಗಳನ್ನೂ ಅವರೇ ತಂದಿದ್ದರು. "ಚರ್ಮ ಹಾಕಬ್ಯಾಡ ತಂಗಿ. ಸರೇಸೂ ಬ್ಯಾಡ," ಎಂದರು. ಸರೇಸು ಎಂದರೆ ದನದ ಚರ್ಮ ಕುದಿಸಿ ಮಾಡುವ ಅಂಟು. ನನಗೆ ಸ್ವಲ್ಪ ಸಿಟ್ಟೇ ಬಂತು. ಜೈನರ ಊರುಗಳೇ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಬೈಂಡಿಂಗ್ ಮಾಡುವವರಿಗೆ ಇದನ್ನು ಹೇಳಿಕೊಡಬೇಕೇ? "ಅಷ್ಟು ಗೊತ್ತೈತ್ರಿ ಆಯಿ. ಬೆನ್ನಿಗೆ ಬಟ್ಟಿ, ಅಂಟಿಗೆ ಮೈದಾ," ಎಂದೆ. ಅವರು ನಕ್ಕು, ನಾನು ಕೊಟ್ಟ ಚಹಾ ಕುಡಿದು, ಮೊದಲ ಹಾಳೆ ನೋಡಿಯೇ ಹೋಗುತ್ತೇನೆಂದು ತೊಟ್ಟಿಯ ಪಕ್ಕ ಕೂತರು.

ನೀಲಿ ಬಿಟ್ಟೆ, ಹುರಮಂಜಿನ ಕೆಂಪು ಬಿಟ್ಟೆ, ಹಳದಿ ಬಿಟ್ಟೆ. ಹಣಿಗೆ ಎಳೆದಾಗ ಗರಿಗಳು ಒಂದರ ಹಿಂದೊಂದು ಬಿಚ್ಚಿಕೊಂಡವು. ಆಯಿಯ ಬಾಯಿ ತೆರೆದೇ ಇತ್ತು. ಹಾಳೆ ಎತ್ತಿದಾಗ ಅವರು ಆ ತೊಟ್ಟಿಗೆ, ಆ ಬರೀ ನೀರಿಗೆ, ಎರಡೂ ಕೈ ಜೋಡಿಸಿದರು. ಆಮೇಲೆ ಸಹಜವಾಗಿ ಕೇಳಿದರು, "ಆ ಸಣ್ಣ ಬಾಟ್ಲ್ಯಾಗ ಏನೈತಿ ತಂಗಿ?"

ಬಾಟಲಿಯೊಳಗೇನಿದೆ ಎಂದು ಎಷ್ಟೋ ವರ್ಷಗಳ ಮೇಲೆ ಆಗ ನನಗೆ ಕಂಡಿತು. ಚರ್ಮ ಬಿಟ್ಟಿದ್ದೆ, ಸರೇಸು ಬಿಟ್ಟಿದ್ದೆ, ಅದರ ಜಂಬವನ್ನೂ ಕೊಚ್ಚಿದ್ದೆ. ಬಣ್ಣದೊಳಗಿನ ಪಿತ್ತ ಮಾತ್ರ ತಲೆಗೇ ಹೊಳೆದಿರಲಿಲ್ಲ. "ಗಿಡದ ಔಷಧ ಐತ್ರಿ ಆಯಿ," ಎಂದುಬಿಟ್ಟೆ. ನಾನು ಯೋಚಿಸುವ ಮೊದಲೇ ಬಾಯಿ ಆಡಿತ್ತು.

ಅವರು ಹೋದರು. ನಾನು ಅದೇ ಬಣ್ಣದಲ್ಲಿ ಇಪ್ಪತ್ತೊಂದು ಹಾಳೆ ಎತ್ತಿದೆ, ಒಣಗಿಸಿದೆ, ರಟ್ಟಿಗೆ ಹಚ್ಚಿದೆ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಅದಕ್ಕೆ ಮುಂಚೆ ಬಂದಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಅಂಗಡಿಗೆ ಯಾರಾದರೂ ಬಿಳಿ ಸೀರೆಯವರು ಬಂದರೆ ನಾನು ಹಿಂದಿನ ಪಡಸಾಲೆಗೆ ಸರಿದುಬಿಡುತ್ತಿದ್ದೆ. ಆ ಕೈ ಜೋಡಿಸಿದ್ದು ಕಣ್ಣ ಮುಂದಿನಿಂದ ಹೋಗಲಿಲ್ಲ.

ಅಂಗಡಿಯ ಮಾಲಕರಿಗೆ ಎಲ್ಲ ಹೇಳಿದೆ. ಅವರು ಕತ್ತರಿ ಕೆಳಗಿಡಲೂ ಇಲ್ಲ. "ಯಾರಿಗೆ ಗೊತ್ತಾಕ್ಕೈತಿ? ಸುಮ್ಮನ ಕಟ್ಟಿ ಕಳಸು. ಜೈನರ ಓಣ್ಯಾಗ ಒಬ್ಬರಿಗೆ ತಿಳೀತಂದ್ರ ಅಂಗಡಿ ಹೆಸರು ಹೋಕ್ಕೈತಿ. ನೀ ಹೋಗಿ ಹೇಳಿದಿ ಅಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದರು. ಆಗ ನನಗೆ ಎಂಟು ತಿಂಗಳ ಕೂಸು. ಅದನ್ನು ಅತ್ತೆಯ ಬಳಿ ಬಿಟ್ಟು ಬಂದು, ಮಧ್ಯಾಹ್ನ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದೆ. ಕೆಲಸ ಹೋದರೆ ಮತ್ತೆ ತಂಬಾಕಿನ ವಖಾರಿಯೇ ಗತಿ.

ಚಾಚಾ ಆ ಹೊತ್ತಿಗೆ ಕೆಲಸ ಬಿಟ್ಟು ಅಥಣಿಯಲ್ಲಿ ಮಗಳ ಮನೆಯಲ್ಲಿದ್ದರು. ಆ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನು ಮಾಡಿ ಅವರನ್ನು ಮಾತಿಗೆ ಕರೆಸಿದೆ. ಪಿತ್ತವಿಲ್ಲದೆ ಬಣ್ಣ ಅರಳಿಸಬಹುದೇ ಎಂದು ಕೇಳಿದೆ.

"ನನ್ನ ಕೈಲೆ ಆಗಿಲ್ಲ ತಂಗಿ. ನಮ್ಮಪ್ಪನ ಕೈಲೇನೂ ಆಗಿಲ್ಲ," ಎಂದರು. ಆಮೇಲೆ, "ನಿನ್ನ ಕೈಲೆ ಆದ್ರ ನನಗೊಂದು ಹಾಳಿ ಕಳಸು," ಎಂದರು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗದೆ ಸದಲಗಾದ ಬಸ್ಸು ಹತ್ತಿದೆ. ಪದ್ಮವ್ವ ಆಯಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಕಾಳಿನಲ್ಲಿ ಸಿಕ್ಕ ನುಸಿಗಳನ್ನು ಒಂದೊಂದಾಗಿ ಬೆರಳಿನ ತುದಿಯಿಂದ ಎತ್ತಿ, ಜೀವ ಹೋಗದ ಹಾಗೆ ನೆರಳಲ್ಲಿ ಬಿಡುತ್ತಿದ್ದರು. ನಿಂತಲ್ಲೇ ಹೇಳಿದೆ.

"ಆಯಿ, ಆ ಬಾಟ್ಲ್ಯಾಗ ಇದ್ದದ್ದು ಗಿಡದ ಔಷಧ ಅಲ್ಲರಿ. ಆಡಿನ ಪಿತ್ತ."

ಅವರ ಕೈ ಮೊರದ ಮೇಲೆ ನಿಂತಿತು. "ಇಪ್ಪತ್ತೊಂದಕ್ಕೂ?"

"ಹೌದ್ರಿ."

ಬೆರಳಿಗೆ ಹತ್ತಿದ್ದ ನುಸಿಯೊಂದನ್ನು ನೆರಳಿಗೆ ಬಿಟ್ಟರು. ಆಮೇಲೆ, "ನೀ ಹೇಳದಿದ್ರ ನನಗ ತಿಳೀತಿರಲಿಲ್ಲ. ಮತ್ಯಾಕ ಬಂದಿ?" ಎಂದರು.

"ನೀವು ಅದಕ್ಕ ಕೈ ಮುಗಿದ್ರಿ. ನನಗ ಅನ್ನ ಇಳೀವಲ್ದು," ಎಂದೆ. ಅಲ್ಲೇ ಅತ್ತುಬಿಟ್ಟೆ.

"ಪಿತ್ತ ಇಲ್ಲದ ಬಣ್ಣ ತೇಲೂದಿಲ್ಲೇನು?"

"ಇಲ್ಲಂತಾರ್ರಿ."

"ಅಂತಾರ ಬಿಡು. ನೀ ಮಾಡಿ ನೋಡಿಯೇನು?"

ನಾನು ಮಾಡಿ ನೋಡಿರಲಿಲ್ಲ. ಅಷ್ಟು ವರ್ಷ ಒಂದು ಸಲವೂ ನೋಡಿರಲಿಲ್ಲ. "ಇನ್ನೂ ಹನ್ನೆರಡು ದಿನ ಐತಿ," ಎಂದು ಆಯಿ ಮೊರ ಪಕ್ಕಕ್ಕಿಟ್ಟರು. "ನಾಳೆ ನಾನಾ ಬರ್ತೀನಿ. ನಿಮ್ಮ ಮಾಲಕಗೂ ನಾನಾ ಹೇಳ್ತೀನಿ."

ಅವರು ಬಂದು ಮಾಲಕರಿಗೆ ಹೇಳಿದ್ದು ಇಷ್ಟೇ, "ಈಕೀನ ಬಿಡಿಸಿದ್ರ ಪುಸ್ತಕ ಒಯ್ಯೂದಿಲ್ಲ." ಮಾಲಕರು ಗೊಣಗುತ್ತ ಒಪ್ಪಿದರು. ಮೊದಲು ಹಚ್ಚಿದ ಹೊದಿಕೆಗಳನ್ನು ರಟ್ಟಿನ ಸಮೇತ ಕಿತ್ತು ಕಸಕ್ಕೆ ಹಾಕಲು ಹೋದಾಗ ಆಯಿ ತಡೆದರು. "ಸತ್ತ ಆಡು ಸತ್ತೈತಿ. ಅದರದ್ದೂ ಬೆಲಿ ಕಳೀಬ್ಯಾಡ್ರಿ. ಬ್ಯಾರೆ ಪುಸ್ತಕಕ್ಕ ಹಾಕ್ರಿ," ಎಂದರು. ಅದು ಮಾಲಕರಿಗೂ ಹಿಡಿಸಿತು.

ಆಯಿ ಬರುವಾಗ ಒಂದು ಗಂಟು ತಂದಿದ್ದರು. ಬಸದಿಯ ಬೆಳ್ಳಿ ಪಾತ್ರೆ ತೊಳೆಯುವ ರಿಠಾ, ಅಂದರೆ ಅಂಟುವಾಳದ ಕಾಯಿ. "ಇದು ಜಿಡ್ಡು ಬಿಡಿಸತೈತಿ. ಬಣ್ಣಾನೂ ಬಿಡಿಸೀತು ನೋಡ," ಎಂದರು. ಆತುರಕ್ಕೆ ಬಿದ್ದ ನಾನು ಅದನ್ನು ಕುಟ್ಟಿ, ನೀರಲ್ಲಿ ಚೆನ್ನಾಗಿ ಕಡೆದು ಬಣ್ಣಕ್ಕೆ ಹಾಕಿದೆ. ಬಣ್ಣವೇನೋ ಹರಡಿತು, ಆದರೆ ನೊರೆಯ ಗುಳ್ಳೆಗಳೆಲ್ಲ ಹಾಳೆಯ ಮೇಲೆ ತೂತು ತೂತಾಗಿ ಕೂತವು. ಹಾಳೆ ಸಿಡುಬು ಎದ್ದವರ ಮುಖದ ಹಾಗೆ ಕಂಡಿತು. ಇನ್ನೊಂದು, ಮತ್ತೊಂದು, ಎಲ್ಲ ಹಾಗೇ.

"ಕುಟ್ಟು ಅಂತ ಯಾರ ಹೇಳಿದ್ರು ನಿನಗ?" ಎಂದರು ಆಯಿ. "ಕಾಯಿ ಒಡದು ಬೀಜ ತಗದು ಸುಮ್ಮನ ನೆನಿ ಹಾಕು. ನಾಳೆ ಮ್ಯಾಲಿನ ತಿಳಿ ಅಷ್ಟಾ ತಗೊ. ಅಲಗಾಡಿಸಬ್ಯಾಡ."

ಅಷ್ಟಕ್ಕೇ ಬಿಡಲಿಲ್ಲ. ಮೆಂತೆಯ ಲೋಳೆಯನ್ನು ನೋಡಿ, "ಇದನ್ನ ಹೆಂಗ ಸೋಸಿದಿ?" ಎಂದರು. ಒಂದು ಪದರದ ಬಟ್ಟೆ ತೋರಿಸಿದೆ. ತಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಗಾಳಿಸುವ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕೊಟ್ಟರು. ಸೋಸಿದ ಮೇಲೆ ತೊಟ್ಟಿಗೆ ಕಟ್ಟಲು ಇನ್ನೊಂದು ಬಟ್ಟೆ, ಒಳಗೆ ಹುಳ ಬಿದ್ದು ಸಾಯಬಾರದೆಂದು. ಬಣ್ಣ ಬಿಡುವಾಗ ಮಾತ್ರ ತೆರೆಯಬೇಕು, ಎತ್ತಿದ ಕೂಡಲೇ ಮುಚ್ಚಬೇಕು. ಇವರ ಮಡಿ ನನ್ನ ತೊಟ್ಟಿಗೂ ಬಂತಲ್ಲ ಎಂದುಕೊಂಡೆ.

ಚಹಾ ತಂದುಕೊಟ್ಟೆ. ಅವರು ಲೋಟವನ್ನು ಪಕ್ಕಕ್ಕೆ ಸರಿಸಿ, "ಆಮ್ಯಾಲೆ," ಎಂದರು. ಮರುದಿನವೂ ಹಾಗೇ, ನೀರು ಕೊಟ್ಟರೂ ಬೇಡವೆಂದರು. ನನಗೆ ಒಳಗೇ ಉರಿಯಿತು. ಮೊದಲ ಸಲ ಬಂದಾಗ ಕುಡಿದಿದ್ದರು. ಈಗ ಪಿತ್ತ ಮುಟ್ಟುವವಳ ಕೈಯದು ಬೇಡವಾಯಿತು ಎಂದುಕೊಂಡೆ. ನಿಜ ಹೇಳಿದ್ದಕ್ಕೆ ಇದೇನಾ ಮರ್ಯಾದೆ ಎಂದು ಮನಸ್ಸಿನಲ್ಲಿ ಕೆಟ್ಟ ಮಾತೇ ಬಂತು.

ಆ ಎರಡನೆಯ ದಿನ ರಿಠಾದ ತಿಳಿ ಕೈಗೆ ಬಂದಿತ್ತು, ಹಾಲಿಲ್ಲದ ಚಹಾದ ಬಣ್ಣ. ನೀಲಿಗೆ ನಾಲ್ಕು ಹನಿ ಹಾಕಿ, ತೊಟ್ಟಿಯ ಬಟ್ಟೆ ತೆಗೆದು, ಒಂದು ಹನಿ ಬಿಟ್ಟೆ. ಅದು ಕಾಳಿನಷ್ಟಾಗಿ ನಿಂತಿತು. ಮುಳುಗಲೂ ಇಲ್ಲ, ಹರಡಲೂ ಇಲ್ಲ. "ಇನ್ನೊಂದು ಚೂರು ತಿಳಿ ಹಾಕು," ಎಂದರು ಆಯಿ. ಹಾಕಿ ಕಲಸಿ ಮತ್ತೆ ಬಿಟ್ಟೆ.

ಹನಿ ಬಿತ್ತು. ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಅರಳಿತು. ಪಿತ್ತದ ಬಣ್ಣ ಅವಸರದಲ್ಲಿ ಓಡುತ್ತದೆ, ಇದು ನಿಧಾನವಾಗಿ, ನೋಡುವವರಿಗೆ ಸಮಯ ಕೊಟ್ಟು ಅರಳಿತು. ಕೆಂಪು ಅದರೊಳಗೆ ಜಾಗ ಮಾಡಿಕೊಂಡಿತು, ಹಳದಿ ಕೆಂಪಿನೊಳಗೆ. ಹಣಿಗೆ ಎಳೆದು ಹಾಳೆ ಎತ್ತಿದೆವು. ಅಂಚು ಕೂದಲೆಳೆಯಷ್ಟು ತೆಳ್ಳಗೆ ಬಂದಿತ್ತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಹಾಳೆಯ ಮೇಲೆ ಒಂದೂ ಬಿಳಿ ಕಣ್ಣಿರಲಿಲ್ಲ. ಹೊರಗೆ ವಖಾರಿಗಳು ಕುಟ್ಟುತ್ತಲೇ ಇದ್ದವು, ಗಾಳಿಯಲ್ಲಿ ತಂಬಾಕು ತುಂಬಿತ್ತು. ಹುಳ ಸಾಯಬಾರದೆಂದು ಕಟ್ಟಿದ ಬಟ್ಟೆ ನನ್ನ ಇಷ್ಟು ವರ್ಷದ ಧೂಳಿನ ಕಾಟವನ್ನೂ ತಡೆದಿತ್ತು. ನಾನು ಮಡಿ ಎಂದು ಮೂಗು ಮುರಿದದ್ದು ಕಸುಬಿನ ದೊಡ್ಡ ಪಾಠವಾಗಿತ್ತು. ನಾವಿಬ್ಬರೂ ಆ ಒದ್ದೆ ಹಾಳೆಯನ್ನು ಹಿಡಿದು ನಿಂತೆವು. ಮಾಲಕರು ಬಾಗಿಲಲ್ಲಿ ಬಂದು ನೋಡಿ, ಚಪ್ಪಲಿ ಕಳೆದು ಒಳಗೆ ಬಂದರು.

ಒಂಬತ್ತು ದಿನಗಳಲ್ಲಿ ಇಪ್ಪತ್ತೊಂದೂ ಆದವು. ಇಪ್ಪತ್ತೆರಡನೆಯ ಹಾಳೆಯನ್ನು ಅಥಣಿಗೆ ಕಳಿಸಿದೆ. ಚಾಚಾ ಅದನ್ನು ತಲೆಯ ಮೇಲಿಟ್ಟುಕೊಂಡರಂತೆ, ಮಗಳು ಫೋನಿನಲ್ಲಿ ಹೇಳಿದಳು.

ಉದ್ಯಾಪನೆಯ ದಿನ ಪುಸ್ತಕಗಳನ್ನು ಸದಲಗಾಕ್ಕೆ ನಾನೇ ಒಯ್ದೆ. ದಾನ ಮುಗಿದ ಮೇಲೆ ಬಸದಿಯ ಹೊರಗಿನ ಕಟ್ಟೆಯಲ್ಲಿ ಆಯಿಯ ಸೊಸೆ ನನ್ನ ಪಕ್ಕ ಕೂತು ಮಾತಿಗೆ ಮಾತು ಬಂದು ಹೇಳಿದಳು, "ರಿಠಾದ ಗಂಟು ತಗೊಂಡು ನಿಮ್ಮ ಅಂಗಡಿಗೆ ಬಂದ ಮೊದಲ ಎರಡು ದಿನ ಹನಿ ನೀರ ಸುದ್ದಾ ಮುಟ್ಟಿಲ್ರಿ. ಈ ವಯಸಿನಾಗ ಎರಡು ಉಪಾಸ ಬ್ಯಾಡ್ರಿ ಅಂದ್ರ ಕೇಳಬೇಕಲಾ?"

ನಾನು ಎದ್ದು ಸೀದಾ ಆಯಿಯ ಹತ್ತಿರ ಹೋದೆ. "ಎರಡು ಉಪಾಸ ಯಾಕ ಮಾಡಿದ್ರಿ?" ಎಂದು ಕೇಳಿದೆ. ಕೇಳಿದ್ದು ಜಗಳದ ದನಿಯಲ್ಲೇ ಬಂತು.

"ಒಂದು ನಂದು. ಅಬ್ರಿಯೊಳಗ ಏನೈತಿ ಅಂತ ಮೊದಲಾ ಕೇಳಬೇಕಿತ್ತು, ಕೇಳಲಿಲ್ಲ."

"ಇನ್ನೊಂದು?"

"ಇನ್ನೊಂದು ನಿಂದು. ಸುಳ್ಳು ಹೇಳಿದ್ದಕ್ಕ." ಅವರು ನನ್ನ ಕೈ ಹಿಡಿದು ಕೂರಿಸಿಕೊಂಡರು. "ಒಬ್ಬರ ಕರ್ಮ ಇನ್ನೊಬ್ಬರು ಕಳೀಲಾಕ ಬರೂದಿಲ್ಲ ಅಂತ ಶಾಸ್ತ್ರದಾಗ ಐತಿ. ನನಗೂ ಗೊತ್ತೈತಿ, ಅದನ್ನಾ ಓದಿ ಅಕ್ಷರ ಕಲ್ತೀನಿ. ಆದ್ರ ನಿನಗ ಮೊಲಿ ಕುಡಿಯೂ ಕೂಸೈತಿ, ಮಧ್ಯಾನ್ನ ಓಡಿ ಹೋಗೂದು ನೋಡೀನಿ. ನೀ ಉಪಾಸ ಇದ್ರ ಅದೂ ಉಪಾಸ ಬೀಳತೈತಿ. ಅದಕ್ಕ ನಾನಾ ಮಾಡಿದೆ."

ನಾನು ಅವರ ಕಾಲು ಹಿಡಿದೆ. ಅವರು ಬೆನ್ನು ಸವರಿದರು. ಅವರು ನನ್ನ ಪಾಲಿನ ಉಪವಾಸ ಮಾಡುತ್ತ ಎದುರಿಗೆ ಕೂತಿದ್ದಾಗ, ಚಹಾ ಮುಟ್ಟಲಿಲ್ಲವೆಂದು ನಾನು ಮನಸ್ಸಿನಲ್ಲಿ ಅವರನ್ನು ಏನೆಂದು ಬೈದಿದ್ದೆನೋ, ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೇಳಲು ಆಗಲಿಲ್ಲ. ಆಮೇಲೆ ಎಷ್ಟೋ ವರ್ಷ ಅವರು ಅಂಗಡಿಗೆ ಬಂದರು, ನನ್ನ ಕೈಯ ಚಹಾ ಕುಡಿದರು, ಆಗಲೂ ಹೇಳಲಿಲ್ಲ. ಈಗ ಅವರಿಲ್ಲ. ಹುಡುಗಿಯರೇ, ನೀವು ಬರೆಯಿರಿ ಎಂದಾಗ ನಾನು ಒಪ್ಪಿಕೊಂಡದ್ದು ಅದನ್ನು ಹೇಳಲಿಕ್ಕೇ.